ಮೋಟರಿಲ್ಲದ ಪಂಪು: ಬಿಸಿಗಲ್ಲಿನೊಳಗೆ ನೀರು ಹೇಗೆ ಹರಿಯುತ್ತದೆ?

ಮುಂಬೈ, ಠಾಣೆ ಕಡೆ ಇರುವ ನಮ್ಮವರಲ್ಲಿ ಬಹಳ ಜನ ವಜ್ರೇಶ್ವರಿ, ಗಣೇಶಪುರಿ, ಅಕ್ಲೋಲಿಗಳನ್ನು ನೋಡಿಯೇ ಇರುತ್ತಾರೆ. ತಾನ್ಸಾ ನದಿಯ ಆಸುಪಾಸಿನಲ್ಲಿ ಕಲ್ಲು ಕಟ್ಟಿದ ಕುಂಡಗಳು, ಅವುಗಳ ತುಂಬ ಬಿಸಿನೀರು. ಕೆಲವು ಕುಂಡಗಳಲ್ಲಿ ಇಳಿಯುವ ಮೊದಲು ಎರಡು ಸಲ ಯೋಚನೆ ಮಾಡಬೇಕು, ಅಷ್ಟು ಬಿಸಿ. ಕೆಳಗೆ ಯಾರೂ ಒಲೆ ಹಚ್ಚಿಲ್ಲ, ಎಲ್ಲೂ ಮೋಟರ್ ಕೂಡಿಸಿಲ್ಲ, ಆದರೂ ನೀರು ಹಗಲು ರಾತ್ರಿ ಬರುತ್ತಲೇ ಇದೆ. ಇದೊಂದೇ ಅಲ್ಲ. ಇಲ್ಲಿಂದ ಕೆಳಗೆ ರಾಯಗಡ, ರತ್ನಾಗಿರಿ ಜಿಲ್ಲೆಗಳವರೆಗೆ ಕೊಂಕಣದ ಉದ್ದಕ್ಕೂ ಇಂಥ ಬುಗ್ಗೆಗಳ ಸಾಲೇ ಇದೆ. ಅವುಗಳ ಬಿಸಿ ಸುಮಾರು 40ರಿಂದ 70 ಡಿಗ್ರಿ ಸೆಲ್ಸಿಯಸ್. ನಮ್ಮ ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆಯಲ್ಲೂ ಬೆಂದ್ರು ತೀರ್ಥ ಎಂಬ ಬೆಚ್ಚನೆಯ ನೀರಿನ ಬುಗ್ಗೆ ಇದೆ.

ಇಲ್ಲಿ ಎರಡು ಪ್ರಶ್ನೆಗಳಿವೆ. ನೀರನ್ನು ಬಿಸಿ ಮಾಡಿದ್ದು ಯಾವುದು? ಅದನ್ನು ಮೇಲಕ್ಕೆ ತಂದದ್ದು ಯಾವುದು? ಮೊದಲನೆಯದಕ್ಕೆ ಎಲ್ಲರೂ ಉತ್ತರ ಹೇಳುತ್ತಾರೆ: ಭೂಮಿಯ ಒಳಗಿನ ಶಾಖ. ಎರಡನೆಯದನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಈ ಲೇಖನ ಅದರ ಬಗ್ಗೆ. ಶಾಖವೇ ಒಂದು ಪಂಪಿನ ಹಾಗೆ ಹೇಗೆ ಕೆಲಸ ಮಾಡುತ್ತದೆ, ಕಲ್ಲು, ಮರಳು, ಹತ್ತಿ, ಧಾನ್ಯದ ರಾಶಿಯಂಥ ತೂತುಗಳಿರುವ ವಸ್ತುಗಳಲ್ಲಿ ಆ ಪಂಪು ಯಾವಾಗ ಓಡುತ್ತದೆ, ಯಾವಾಗ ಓಡುವುದಿಲ್ಲ ಎಂಬುದನ್ನು ನೋಡೋಣ.

ಇದು ಬರೀ ಕುತೂಹಲದ ಮಾತಲ್ಲ. ಲಡಾಖ್‌ನ ಪೂಗಾ ಕಣಿವೆಯಲ್ಲಿ ಭೂಶಾಖದಿಂದ ವಿದ್ಯುತ್ ತೆಗೆಯಲು ಒಎನ್‌ಜಿಸಿ ಸಂಸ್ಥೆ 2021ರ ಫೆಬ್ರವರಿಯಲ್ಲಿ ಒಪ್ಪಂದ ಮಾಡಿಕೊಂಡಿದೆ. ಸಮುದ್ರಮಟ್ಟದಿಂದ ಸುಮಾರು 4,400 ಮೀಟರ್ ಎತ್ತರದ ಆ ಕಣಿವೆಯಲ್ಲಿ ನೀರು ನೆಲದಿಂದ ಕುದಿಯುತ್ತಲೇ ಹೊರಗೆ ಬರುತ್ತದೆ. ಭೂಶಾಖದ ಸುದ್ದಿ ಬಂದಾಗಲೆಲ್ಲ "ಎಂದೂ ಮುಗಿಯದ ಇಂಧನ" ಎಂಬ ಮಾತು ಜೊತೆಗೇ ಬರುತ್ತದೆ. ಅದು ನಿಜವಾ? ಉತ್ತರ ಇರುವುದು ಶಾಖದಲ್ಲಲ್ಲ, ಕಲ್ಲಿನೊಳಗಿನ ನೀರಿನ ನಡಿಗೆಯಲ್ಲಿ.

ತೂತು ಇದ್ದರೆ ಸಾಲದು, ದಾರಿ ಬೇಕು

ಇಡ್ಲಿಯನ್ನು ಮುರಿದು ನೋಡಿ. ಒಳಗೆಲ್ಲ ಸಣ್ಣ ಸಣ್ಣ ತೂತು. ಇಟ್ಟಿಗೆ, ಮರಳು, ಸ್ಪಂಜು, ರಜಾಯಿಯ ಹತ್ತಿ, ಅಕ್ಕಿ ಮೂಟೆ, ನಮ್ಮ ಕಾಲ ಕೆಳಗಿನ ಮಣ್ಣು, ಎಲ್ಲವೂ ಹೀಗೇ. ಗಟ್ಟಿ ಭಾಗದ ನಡುವೆ ಖಾಲಿ ಜಾಗ ಇರುವ ಇಂಥವನ್ನು ವಿಜ್ಞಾನದ ಭಾಷೆಯಲ್ಲಿ ಸರಂಧ್ರ ವಸ್ತು ಅಂತ ಕರೆಯುತ್ತಾರೆ. ಒಟ್ಟು ಗಾತ್ರದಲ್ಲಿ ಖಾಲಿ ಜಾಗ ಎಷ್ಟು ಪಾಲು ಎಂಬುದು ಅದರ ಸರಂಧ್ರತೆ. ಮರಳಿನ ರಾಶಿಯಲ್ಲಿ ಅದು ಸುಮಾರು 35ರಿಂದ 40 ಶೇಕಡಾ.

ಆದರೆ ಖಾಲಿ ಜಾಗ ಇರುವುದು ಬೇರೆ, ನೀರಿಗೆ ದಾರಿ ಬಿಡುವುದು ಬೇರೆ. ಜೇಡಿಮಣ್ಣಿನಲ್ಲಿ ಖಾಲಿ ಜಾಗ ಅನೇಕ ಸಲ ಮರಳಿಗಿಂತ ಹೆಚ್ಚೇ ಇರುತ್ತದೆ. ಆದರೂ ಕೆರೆಯ ತಳಕ್ಕೆ ನಮ್ಮ ಹಿರಿಯರು ಹಾಕಿದ್ದು ಜೇಡಿಯನ್ನೇ, ಮರಳನ್ನಲ್ಲ. ಯಾಕೆಂದರೆ ಜೇಡಿಯ ತೂತುಗಳು ಎಷ್ಟು ಸಣ್ಣವೆಂದರೆ ನೀರು ಅದರೊಳಗೆ ನುಸುಳುವುದೇ ಕಷ್ಟ. ಈ ದಾರಿ ಬಿಡುವ ಗುಣಕ್ಕೆ ಪಾರಗಮ್ಯತೆ ಎಂದು ಹೆಸರು. ಮರಳಿನ ಕಾಳಿನ ಗಾತ್ರ ಹತ್ತು ಪಟ್ಟು ಹೆಚ್ಚಾದರೆ ಪಾರಗಮ್ಯತೆ ಹತ್ತು ಪಟ್ಟಲ್ಲ, ಸುಮಾರು ನೂರು ಪಟ್ಟು ಹೆಚ್ಚುತ್ತದೆ. ಈ ಒಂದು ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ದಿಜೋನ್ ನಗರದ ಮರಳು

ಇದಕ್ಕೆ ಲೆಕ್ಕ ಹಾಕಿಕೊಟ್ಟವನು ಫ್ರಾನ್ಸಿನ ದಿಜೋನ್ ಎಂಬ ಊರಿನ ಎಂಜಿನಿಯರ್ ಆನ್ರಿ ಡಾರ್ಸಿ. ಕೊಳಕು ನೀರು ಕುಡಿದು ಕಾಯಿಲೆ ಬೀಳುತ್ತಿದ್ದ ತನ್ನ ಊರಿಗೆ ಅವನು ದೂರದ ಬುಗ್ಗೆಯಿಂದ ಶುದ್ಧ ನೀರು ತಂದ. ಮುಂದೆ, ನೀರು ಸೋಸುವ ಮರಳಿನ ಬಗ್ಗೆ ತಿಳಿಯಲು ಎತ್ತರದ ಕೊಳವೆಯಲ್ಲಿ ಮರಳು ತುಂಬಿ, ನೀರು ಬಿಟ್ಟು, ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಅಳೆದ. 1856ರಲ್ಲಿ ಪ್ರಕಟವಾದ ಅವನ ವರದಿಯ ಸಾರ ಸರಳ: ಎರಡು ತುದಿಗಳ ನಡುವಿನ ಒತ್ತಡದ ವ್ಯತ್ಯಾಸ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು, ಮರಳಿನ ಉದ್ದ ಎರಡು ಪಟ್ಟಾದರೆ ಹರಿವು ಅರ್ಧ. ನೂರ ಎಪ್ಪತ್ತು ವರ್ಷಗಳಾದ ಮೇಲೂ ಅಂತರ್ಜಲ, ಪೆಟ್ರೋಲಿಯಂ, ಭೂಶಾಖ, ಎಲ್ಲದರ ಲೆಕ್ಕ ಶುರುವಾಗುವುದು ಈ ಡಾರ್ಸಿ ನಿಯಮದಿಂದಲೇ.

ಡಾರ್ಸಿಯ ಕೊಳವೆಯಲ್ಲಿ ಒತ್ತಡ ಬಂದದ್ದು ನೀರಿನ ಎತ್ತರದಿಂದ. ನಮ್ಮ ಪ್ರಶ್ನೆ ಬೇರೆ. ಯಾರೂ ಒತ್ತಡ ಹಾಕದೆ, ಬರೀ ಬಿಸಿ ಮಾಡಿದರೆ ಏನಾಗುತ್ತದೆ?

ಬಿಸಿಯಾದ ನೀರಿಗೆ ಎರಡು ಲಾಭ

ನೀರು ಬಿಸಿಯಾದರೆ ಹಿಗ್ಗುತ್ತದೆ, ಹಗುರವಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ನೀರಿನ ತೂಕ ಸುಮಾರು 998 ಕಿಲೋ. 80 ಡಿಗ್ರಿಯಲ್ಲಿ ಸುಮಾರು 972 ಕಿಲೋ. ವ್ಯತ್ಯಾಸ ಬರೀ ಎರಡೂವರೆ ಶೇಕಡಾ ಚಿಲ್ಲರೆ. ಆದರೆ ಅಷ್ಟು ಸಾಕು. ಅಕ್ಕಪಕ್ಕದ ತಣ್ಣೀರು ಭಾರವಾಗಿ ಕೆಳಗಿಳಿದು, ಹಗುರವಾದ ಬಿಸಿನೀರನ್ನು ಮೇಲಕ್ಕೆ ತಳ್ಳುತ್ತದೆ. ಗಮನಿಸಿ, ಎತ್ತುವುದು ಶಾಖವಲ್ಲ, ಎತ್ತುವುದು ತೂಕ. ಗುರುತ್ವವೇ ಇಲ್ಲಿ ಕೆಲಸಗಾರ, ಶಾಖ ಬರೀ ತಕ್ಕಡಿಯ ಒಂದು ಬದಿಯನ್ನು ಹಗುರ ಮಾಡಿಕೊಡುತ್ತದೆ.

ಇನ್ನೊಂದು ಲಾಭವೂ ಇದೆ. ಬಿಸಿನೀರು ತೆಳ್ಳಗಾಗುತ್ತದೆ. ಜೋನಿಬೆಲ್ಲ ಬಿಸಿ ಮಾಡಿದರೆ ಸಲೀಸಾಗಿ ಸುರಿಯುವುದಿಲ್ಲವೇ, ಹಾಗೆ. ಹರಿಯಲು ಅಡ್ಡಿ ಮಾಡುವ ಈ ಅಂಟುತನಕ್ಕೆ ಸ್ನಿಗ್ಧತೆ ಎನ್ನುತ್ತಾರೆ. 20 ಡಿಗ್ರಿಗೆ ಹೋಲಿಸಿದರೆ 80 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಮೂರನೇ ಒಂದು ಭಾಗದಷ್ಟು ಮಾತ್ರ. ಅಂದರೆ ಅದೇ ಕಲ್ಲಿನ ಸಂದಿಯಲ್ಲಿ ಬಿಸಿನೀರು ತಣ್ಣೀರಿಗಿಂತ ಮೂರು ಪಟ್ಟು ಸುಲಭವಾಗಿ ನುಸುಳುತ್ತದೆ.

ಹೀಗೆ ಶಾಖದ ವ್ಯತ್ಯಾಸದಿಂದ ದ್ರವವೇ ಸುತ್ತಾಡಿ ಶಾಖವನ್ನು ಹೊತ್ತೊಯ್ಯುವುದನ್ನು ಶಾಲೆಯ ಪಠ್ಯದಲ್ಲಿ ಸಂವಹನ ಎಂದು ಓದಿದ್ದೇವೆ. ಈಗ ಆ ಪದಕ್ಕೆ ಮಾತುಕತೆಯ ಅರ್ಥವೇ ಹೆಚ್ಚಾಗಿರುವುದರಿಂದ ಇಲ್ಲಿ ಉಷ್ಣ ಸಂವಹನ ಅಂತಲೇ ಬರೆಯುತ್ತೇನೆ.

ಕೆಳಗಿನಿಂದ ಬಿಸಿ ಮಾಡಿದರೆ: ಒಂದು ಹೊಸ್ತಿಲು

ಪಾತ್ರೆಯಲ್ಲಿ ಬರೀ ನೀರಿಟ್ಟು ಒಲೆ ಹಚ್ಚಿದರೆ ಸ್ವಲ್ಪ ಹೊತ್ತಿಗೇ ನೀರು ಸುತ್ತಲು ಶುರು ಮಾಡುತ್ತದೆ. ಅದೇ ಪಾತ್ರೆಯಲ್ಲಿ ಮರಳು ತುಂಬಿ, ಅದು ಮುಳುಗುವಷ್ಟು ನೀರು ಹಾಕಿ, ಕೆಳಗೆ ಹದವಾದ ಬಿಸಿ ಕೊಟ್ಟರೆ? ಅಲ್ಲೂ ಸುತ್ತುತ್ತದೆ ಅಂತ ನಮಗೆ ಅನ್ನಿಸುತ್ತದೆ. ಆದರೆ ಹಾಗಲ್ಲ.

ಇಲ್ಲಿ ಒಂದು ಹಗ್ಗಜಗ್ಗಾಟ ನಡೆಯುತ್ತಿದೆ. ಒಂದು ಕಡೆ, ಬಿಸಿನೀರನ್ನು ಮೇಲೆತ್ತಲು ನೋಡುವ ತೂಕದ ವ್ಯತ್ಯಾಸ. ಇನ್ನೊಂದು ಕಡೆ ಎರಡು ವಿರೋಧಿಗಳು: ಸಣ್ಣ ದಾರಿಗಳಲ್ಲಿ ನೀರಿನ ಅಂಟುತನ, ಮತ್ತು ಶಾಖದ ಸೋರಿಕೆ. ಮೇಲೆ ಹೊರಟ ಬಿಸಿನೀರು ನಿಧಾನವಾಗಿ ಹೋದರೆ, ದಾರಿಯಲ್ಲೇ ತನ್ನ ಶಾಖವನ್ನು ಪಕ್ಕದ ಮರಳಿಗೆ ಕೊಟ್ಟು ತಣ್ಣಗಾಗಿಬಿಡುತ್ತದೆ. ತಣ್ಣಗಾದ ಮೇಲೆ ಮೇಲೇರುವ ಕಾರಣವೇ ಉಳಿಯಲಿಲ್ಲ.

ಈ ಜಗ್ಗಾಟದಲ್ಲಿ ಯಾರು ಗೆಲ್ಲುತ್ತಾರೆ ಎಂದು ಹೇಳುವ ಒಂದೇ ಒಂದು ಸಂಖ್ಯೆ ಇದೆ. ಎತ್ತುವ ಕಡೆಯವರನ್ನೆಲ್ಲ, ಅಂದರೆ ಪಾರಗಮ್ಯತೆ, ಗುರುತ್ವ, ಹಿಗ್ಗುವ ಗುಣ, ತಾಪಮಾನದ ವ್ಯತ್ಯಾಸ, ಪದರದ ದಪ್ಪ, ಇವನ್ನು ಗುಣಿಸಿ, ತಡೆಯುವ ಕಡೆಯವರಾದ ಅಂಟುತನ ಮತ್ತು ಶಾಖ ಹರಡುವ ಗುಣಗಳಿಂದ ಭಾಗಿಸಿದರೆ ಬರುವ ಸಂಖ್ಯೆ. ಇದಕ್ಕೆ ರೇಲಿ ಸಂಖ್ಯೆ ಎಂದು ಹೆಸರು. 1945ರಲ್ಲಿ ಹಾರ್ಟನ್ ಮತ್ತು ರೋಜರ್ಸ್, 1948ರಲ್ಲಿ ಲ್ಯಾಪ್‌ವುಡ್ ಬೇರೆ ಬೇರೆಯಾಗಿ ಲೆಕ್ಕ ಹಾಕಿ ತೋರಿಸಿದ್ದೇನೆಂದರೆ, ಈ ಸಂಖ್ಯೆ ಪೈ ವರ್ಗದ ನಾಲ್ಕು ಪಟ್ಟು, ಅಂದರೆ ಸುಮಾರು 39.5 ದಾಟುವವರೆಗೆ ನೀರು ಅಲುಗುವುದೇ ಇಲ್ಲ. ಶಾಖ ಒಂದು ಕಾಳಿನಿಂದ ಇನ್ನೊಂದು ಕಾಳಿಗೆ ಸುಮ್ಮನೆ ದಾಟಿಕೊಂಡು ಹೋಗುತ್ತದೆ ಅಷ್ಟೇ. ಹೊಸ್ತಿಲು ದಾಟಿದ ಕೂಡಲೇ ಸುಳಿಗಳು ಏಳುತ್ತವೆ: ಒಂದು ಕಡೆ ಬಿಸಿನೀರು ಏರುತ್ತದೆ, ಪಕ್ಕದಲ್ಲಿ ತಣ್ಣೀರು ಇಳಿಯುತ್ತದೆ.

ಸಂಖ್ಯೆ ಹಾಕಿ ನೋಡೋಣ. ಕಾಳಿನ ಗಾತ್ರ ಮೂರನೇ ಒಂದು ಮಿಲಿಮೀಟರ್ ಇರುವ ಮರಳು, 10 ಸೆಂಟಿಮೀಟರ್ ದಪ್ಪ, ಕೆಳಗೆ 60 ಡಿಗ್ರಿ, ಮೇಲೆ 20 ಡಿಗ್ರಿ. ಸ್ಥೂಲವಾಗಿ ಲೆಕ್ಕ ಹಾಕಿದರೆ ರೇಲಿ ಸಂಖ್ಯೆ 4ರ ಆಸುಪಾಸು ಬರುತ್ತದೆ. 39.5 ಎಲ್ಲಿ, 4 ಎಲ್ಲಿ! ನೀರು ಅಲುಗುವುದಿಲ್ಲ. ಅದೇ ಮರಳು ಒಂದು ಮೀಟರ್ ದಪ್ಪ ಇದ್ದರೆ ಸಂಖ್ಯೆ ಹತ್ತು ಪಟ್ಟಾಗಿ 40ರ ಹತ್ತಿರ ಬಂದು, ಹೊಸ್ತಿಲ ಮೇಲೆ ನಿಲ್ಲುತ್ತದೆ. ಇನ್ನು 10 ಸೆಂಟಿಮೀಟರ್ ದಪ್ಪವನ್ನೇ ಇಟ್ಟುಕೊಂಡು, ಮರಳಿನ ಬದಲು ಹತ್ತು ಪಟ್ಟು ದೊಡ್ಡ, ಅಂದರೆ ಮೂರು ಮಿಲಿಮೀಟರಿನ ಕಲ್ಲುಕಾಳು ಹಾಕಿದರೆ? ಪಾರಗಮ್ಯತೆ ನೂರು ಪಟ್ಟು, ಸಂಖ್ಯೆ 400. ನೀರು ಸಲೀಸಾಗಿ ಸುತ್ತುತ್ತದೆ. ಒಂದೇ ಒಲೆ, ಒಂದೇ ನೀರು. ಬದಲಾದದ್ದು ಕಾಳಿನ ಗಾತ್ರ ಮಾತ್ರ.

ಪಕ್ಕದ ಗೋಡೆ ಬಿಸಿಯಾದರೆ ಹೊಸ್ತಿಲೇ ಇಲ್ಲ

ಬಿಸಿ ಕೆಳಗಿನಿಂದ ಬರದೆ, ನೆಟ್ಟಗೆ ನಿಂತ ಗೋಡೆಯಿಂದ ಬಂದರೆ ಕಥೆಯೇ ಬೇರೆ. ಗೋಡೆಗೆ ಅಂಟಿಕೊಂಡ ನೀರು ಹಗುರ, ಅದರ ಪಕ್ಕದಲ್ಲಿ ಅದೇ ಮಟ್ಟದಲ್ಲಿರುವ ನೀರು ಭಾರ. ತಕ್ಕಡಿಯ ಎರಡು ತಟ್ಟೆಗಳು ಅಕ್ಕಪಕ್ಕದಲ್ಲೇ ಇವೆ. ಹಾಗಾಗಿ ಎಷ್ಟೇ ಸಣ್ಣ ವ್ಯತ್ಯಾಸವಿದ್ದರೂ ಹರಿವು ಶುರುವಾಗಿಯೇ ಆಗುತ್ತದೆ. ಕಡಿಮೆ ಇರಬಹುದು, ಇಲ್ಲವೇ ಇಲ್ಲ ಅಂತ ಆಗುವುದಿಲ್ಲ.

ಭೂಮಿಯೊಳಗೆ ಇಂಥ ಗೋಡೆಗಳಿವೆ. ಕರಗಿದ ಶಿಲಾರಸ ಬಿರುಕಿನೊಳಗೆ ನುಗ್ಗಿ, ಗೋಡೆಯ ಹಾಗೆ ನಿಂತು ನಿಧಾನವಾಗಿ ಆರುತ್ತಿರುತ್ತದೆ. ಸುತ್ತ ಇರುವ ನೀರು ತುಂಬಿದ ಕಲ್ಲಿಗೆ ಅದೊಂದು ಬಿಸಿ ತಟ್ಟೆ. 1977ರಲ್ಲಿ ಪಿಂಗ್ ಚೆಂಗ್ ಮತ್ತು ಮಿಂಕೋವಿಚ್ ಇದೇ ಪರಿಸ್ಥಿತಿಗೆ ಗಣಿತ ಬರೆದರು. ಅವರು ತೋರಿಸಿದ ಪ್ರಕಾರ ಹರಿವೆಲ್ಲ ಗೋಡೆಯ ಪಕ್ಕದ ಒಂದು ತೆಳುವಾದ ಪದರದಲ್ಲೇ ನಡೆಯುತ್ತದೆ. ಇದಕ್ಕೆ ಗಡಿಪದರ ಎನ್ನಬಹುದು. ಮೇಲೆ ಹೋದಂತೆ ಅದು ದಪ್ಪವಾಗುತ್ತದೆ, ಆದರೆ ಎತ್ತರದ ವರ್ಗಮೂಲದಷ್ಟು ಮಾತ್ರ. ಎತ್ತರ ನಾಲ್ಕು ಪಟ್ಟಾದರೆ ದಪ್ಪ ಎರಡು ಪಟ್ಟು. ಒಂದು ಮಿಲಿಮೀಟರ್ ಕಾಳಿನ ಮರಳಿನಲ್ಲಿ, 40 ಡಿಗ್ರಿ ವ್ಯತ್ಯಾಸಕ್ಕೆ ಅವರ ಸೂತ್ರ ಹಾಕಿದರೆ, ಒಂದು ಮೀಟರ್ ಎತ್ತರದಲ್ಲಿ ಪದರದ ದಪ್ಪ ಸುಮಾರು 30 ಸೆಂಟಿಮೀಟರ್, ನಾಲ್ಕು ಮೀಟರ್ ಎತ್ತರದಲ್ಲಿ ಸುಮಾರು 60. ಅದರಾಚೆಗಿನ ನೀರಿಗೆ ಬಿಸಿ ಗೋಡೆ ಇರುವುದೇ ಗೊತ್ತಾಗದು.

ಗಣಿತ ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಸ್ವಾರಸ್ಯ. ಪಾತ್ರೆಯಲ್ಲಿ ಬರೀ ನೀರಿದ್ದಾಗ ಗೋಡೆಗೆ ತಾಗಿದ ನೀರು ನಿಂತಲ್ಲೇ ನಿಂತಿರುತ್ತದೆ, ವೇಗ ಇರುವುದು ಸ್ವಲ್ಪ ಆಚೆ. ಡಾರ್ಸಿ ನಿಯಮದ ಲೆಕ್ಕದಲ್ಲಿ ಮಾತ್ರ ಗೋಡೆಯ ಪಕ್ಕದಲ್ಲೇ ವೇಗ ಅತಿ ಹೆಚ್ಚು, ಯಾಕೆಂದರೆ ಅತಿ ಹಗುರವಾದ ನೀರು ಇರುವುದು ಅಲ್ಲೇ. ಗೋಡೆಯ ಹಿಡಿತವನ್ನೂ ಲೆಕ್ಕಕ್ಕೆ ತರಬೇಕೆಂದರೆ ಬ್ರಿಂಕ್‌ಮನ್ ಎಂಬ ವಿಜ್ಞಾನಿ ಸೇರಿಸಿದ ಇನ್ನೊಂದು ಪದ ಬೇಕಾಗುತ್ತದೆ.

ಈ ವಿಷಯಕ್ಕೂ ಕರ್ನಾಟಕಕ್ಕೂ ಹಳೆಯ ನಂಟಿದೆ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರೊ. ಎನ್. ರುದ್ರಯ್ಯ ಅವರು ಸರಂಧ್ರ ವಸ್ತುಗಳಲ್ಲಿನ ಉಷ್ಣ ಸಂವಹನದ ಮೇಲೆ ದಶಕಗಳ ಕಾಲ ಕೆಲಸ ಮಾಡಿ ಒಂದು ಬಳಗವನ್ನೇ ಬೆಳೆಸಿದರು. ಬೆಂಗಳೂರು, ಕಲಬುರಗಿಯ ಗಣಿತ ವಿಭಾಗಗಳಿಂದ ಈ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು ಅನೇಕ. ಆದರೆ ತರಗತಿಯಲ್ಲಿ ಸಮೀಕರಣ ಬಿಡಿಸುವ ವಿದ್ಯಾರ್ಥಿಗೆ ಇದು ಯಾವ ಕಲ್ಲು, ಯಾವ ನೀರು ಅಂತ ಹೇಳುವವರು ಕಡಿಮೆ. ಅದು ಗೊತ್ತಾದರೆ ಅದೇ ಸಮೀಕರಣ ಬೇರೆಯಾಗಿ ಕಾಣುತ್ತದೆ.

ರಜಾಯಿ, ಕಣಜ, ಕೇಬಲ್

ಕಲ್ಲು ನೀರಿನ ಆಚೆಗೂ ಈ ಲೆಕ್ಕ ನಡೆಯುತ್ತದೆ. ದೆಹಲಿಯ ಚಳಿಯಲ್ಲಿ ಹೊದೆಯುವ ಹತ್ತಿ ರಜಾಯಿಯನ್ನೇ ತಗೊಳ್ಳಿ. ಬೆಚ್ಚಗಿಡುವುದು ಹತ್ತಿಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಬಿದ್ದ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ, ಆದರೆ ಸುತ್ತಾಡಲು ಬಿಟ್ಟರೆ ಹೊತ್ತುಕೊಂಡು ಹೋಗಿಬಿಡುತ್ತದೆ. ಹತ್ತಿಯ ಎಳೆಗಳು ಮಾಡುವ ಕೆಲಸ ಗಾಳಿಯ ಕಾಲು ಕಟ್ಟುವುದು, ಅಂದರೆ ರೇಲಿ ಸಂಖ್ಯೆಯನ್ನು ಹೊಸ್ತಿಲಿಗಿಂತ ಬಹಳ ಕೆಳಗೆ ಇಡುವುದು. ಕಾರ್ಖಾನೆಯ ಪೈಪುಗಳಿಗೆ ಸುತ್ತುವ ಗ್ಲಾಸ್ ವೂಲ್ ಮಾಡುವುದೂ ಇದನ್ನೇ.

ಧಾನ್ಯದ ರಾಶಿಯಲ್ಲಿ ಇದೇ ಹರಿವು ಶತ್ರುವಾಗುತ್ತದೆ. ದೊಡ್ಡ ಲೋಹದ ಕಣಜದ ಗೋಡೆ ಹಗಲು ಬಿಸಿಲಿಗೆ ಕಾಯುತ್ತದೆ, ಚಳಿಗಾಲದಲ್ಲಿ ತಣ್ಣಗಾಗುತ್ತದೆ. ಗೋಡೆ ತಣ್ಣಗಾದಾಗ ಅದರ ಪಕ್ಕದ ಗಾಳಿ ಕಾಳುಗಳ ನಡುವೆ ಕೆಳಗಿಳಿದು, ಮಧ್ಯದ ಬೆಚ್ಚಗಿನ ಭಾಗದಲ್ಲಿ ಮೇಲೇರುತ್ತದೆ. ಏರುವಾಗ ಕಾಳಿನ ತೇವವನ್ನೂ ಹೊತ್ತೊಯ್ದು, ಮೇಲಿನ ತಣ್ಣನೆಯ ಪದರದಲ್ಲಿ ಬಿಟ್ಟುಬಿಡುತ್ತದೆ. ಒಣಗಿಸಿಯೇ ತುಂಬಿದ ಧಾನ್ಯಕ್ಕೆ ಮೇಲ್ಭಾಗದಲ್ಲಿ ಬೂಷ್ಟು ಹಿಡಿಯುವುದಕ್ಕೆ ಇದೊಂದು ಕಾರಣ. ಉತ್ತರ ಕರ್ನಾಟಕದಲ್ಲಿ ಹಿಂದೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ಇಡುತ್ತಿದ್ದರು. ನೆಲದ ಆಳದಲ್ಲಿ ಹಗಲು ರಾತ್ರಿಯ ಬಿಸಿ ತಂಪಿನ ಏರಿಳಿತ ತಲುಪುವುದಿಲ್ಲ. ಹಾಗಾಗಿ ಗಾಳಿಯನ್ನು ಸುತ್ತಿಸುವ ಕಾರಣವೇ ಅಲ್ಲಿ ಕಡಿಮೆ.

ನಗರದ ರಸ್ತೆಯಡಿ ಹೂತಿಟ್ಟ ವಿದ್ಯುತ್ ಕೇಬಲ್ ಕೂಡ ಒಂದು ಬಿಸಿ ಮೇಲ್ಮೈ. ಅದರ ಶಾಖಕ್ಕೆ ಸುತ್ತಲಿನ ಮಣ್ಣಿನ ತೇವ ದೂರ ಸರಿಯುತ್ತದೆ. ಒಣಗಿದ ಮಣ್ಣು ಶಾಖವನ್ನು ಸರಿಯಾಗಿ ಹೊರಗೆ ಬಿಡುವುದಿಲ್ಲ, ಕೇಬಲ್ ಇನ್ನಷ್ಟು ಕಾಯುತ್ತದೆ, ಮಣ್ಣು ಇನ್ನಷ್ಟು ಒಣಗುತ್ತದೆ. ಅದಕ್ಕೇ ಭಾರೀ ಕೇಬಲ್‌ಗಳ ಸುತ್ತ ಸಿಕ್ಕ ಸಿಕ್ಕ ಮಣ್ಣು ತುಂಬದೆ, ಶಾಖ ದಾಟಿಸುವಂಥ ಮಿಶ್ರಣವನ್ನು ಆರಿಸಿ ತುಂಬುತ್ತಾರೆ.

ಬುಗ್ಗೆಯ ನೀರಿನ ವಯಸ್ಸು

ಈಗ ಕೊಂಕಣದ ಬುಗ್ಗೆಗಳಿಗೆ ಬರೋಣ. ದಖನ್ನಿನ ಕಪ್ಪು ಕಲ್ಲು ಜ್ವಾಲಾಮುಖಿಯಿಂದ ಬಂದದ್ದು ನಿಜ, ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಮಾತು. ಆ ಬೆಂಕಿ ಯಾವತ್ತೋ ಆರಿದೆ. ಈಗಿನ ಬಿಸಿಗೆ ಕಾರಣ ಆಳ. ಭೂಮಿಯೊಳಗೆ ಒಂದು ಕಿಲೋಮೀಟರ್ ಇಳಿದರೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಬಿಸಿ ಹೆಚ್ಚುತ್ತದೆ. ನೆಲದ ಮೇಲೆ 27 ಡಿಗ್ರಿ ಇದ್ದು ಬುಗ್ಗೆಯ ನೀರು 70 ಡಿಗ್ರಿ ಇದೆ ಎಂದರೆ, ಆ ನೀರು ಒಂದೂವರೆ ಕಿಲೋಮೀಟರಾದರೂ ಕೆಳಗೆ ಹೋಗಿ ಬಂದಿರಬೇಕು. ಬರುವ ದಾರಿಯಲ್ಲಿ ತಣ್ಣಗಾದದ್ದನ್ನೂ ಸೇರಿಸಿದರೆ ಇನ್ನೂ ಆಳ.

ಅದು ಮಳೆಯ ನೀರೇ. ಸಹ್ಯಾದ್ರಿಯ ಮೇಲೆ ಬಿದ್ದು, ಬಿರುಕುಗಳಲ್ಲಿ ಇಳಿದು, ಆಳದಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೇರುತ್ತದೆ. ಎತ್ತರದ ಬೆಟ್ಟದ ನೀರಿನ ಒತ್ತಡವೂ ತಳ್ಳುತ್ತದೆ, ಬಿಸಿನೀರಿನ ಹಗುರತನವೂ ಎತ್ತುತ್ತದೆ. ಬಿರುಕುಗಳ ಜಾಲವಿರುವ ಇಡೀ ಬೆಟ್ಟವನ್ನೇ ಒಂದು ದೊಡ್ಡ ಸರಂಧ್ರ ವಸ್ತುವೆಂದು ಭಾವಿಸಿ ಲೆಕ್ಕ ಹಾಕಬಹುದು.

ಆದರೆ ವೇಗ? ನಮ್ಮ ಮರಳಿನಲ್ಲೇ, 40 ಡಿಗ್ರಿ ವ್ಯತ್ಯಾಸಕ್ಕೆ, ಬಿಸಿ ಗೋಡೆಯ ಪಕ್ಕದ ಹರಿವು ಗಂಟೆಗೆ ಸುಮಾರು 9 ಸೆಂಟಿಮೀಟರ್. ಭೂಶಾಖದ ಒಳ್ಳೆಯ ನೆಲೆ ಎನ್ನಿಸಿಕೊಳ್ಳುವ ಕಲ್ಲಿನ ಪಾರಗಮ್ಯತೆ ಆ ಮರಳಿನದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ ಇರಬಹುದು. 200 ಡಿಗ್ರಿ ವ್ಯತ್ಯಾಸ ಇದ್ದರೂ ಅಂಥ ಕಲ್ಲಿನಲ್ಲಿ ಡಾರ್ಸಿ ಲೆಕ್ಕದ ಹರಿವು ವರ್ಷಕ್ಕೆ ಒಂದೆರಡು ಮೀಟರ್. ತೂತುಗಳೊಳಗಿನ ನೀರಿನ ನಿಜವಾದ ನಡಿಗೆ ವರ್ಷಕ್ಕೆ ಹತ್ತಿಪ್ಪತ್ತು ಮೀಟರ್ ಅಂದುಕೊಳ್ಳಿ. ಕೆಲವು ಕಿಲೋಮೀಟರ್ ಸುತ್ತಿ ಬರಲು ನೂರಾರು ವರ್ಷ ಬೇಕು. ಬಿಗಿಯಾದ ಕಲ್ಲಾದರೆ ಸಾವಿರಾರು. ಅಗಲವಾದ ಬಿರುಕು ಸಿಕ್ಕಿದಲ್ಲಿ ನೀರು ಬೇಗ ಸಾಗಬಹುದು, ಆದರೆ ಒಟ್ಟು ಸುತ್ತು ನಿಧಾನದ್ದೇ. ಬೋರ್‌ವೆಲ್ ಮಾತ್ರ ಅದೇ ನೀರನ್ನು ಒಂದು ದಿನದಲ್ಲಿ ಹೊರಗೆ ಎಳೆಯಬಲ್ಲದು. ಅಪಾಯ ಇರುವುದು ಈ ಎರಡು ವೇಗಗಳ ನಡುವಿನ ಅಂತರದಲ್ಲಿ.

ನಿಂತುಹೋದ ಕಾರಂಜಿಗಳು

ಇದು ಊಹೆಯಲ್ಲ, ನ್ಯೂಜಿಲೆಂಡಿನಲ್ಲಿ ಕಣ್ಣೆದುರೇ ನಡೆದದ್ದು. ಅಲ್ಲಿನ ವೈರಾಕೇ ಎಂಬಲ್ಲಿ ಬಿಸಿನೀರಿನ ಕಾರಂಜಿಗಳ ಒಂದು ಕಣಿವೆಯಿತ್ತು, ನೋಡಲು ದೂರದಿಂದ ಜನ ಬರುತ್ತಿದ್ದರು. ಅಲ್ಲಿನ ಭೂಶಾಖದ ಹರಿವನ್ನು ಸರಂಧ್ರ ವಸ್ತುವಿನ ಉಷ್ಣ ಸಂವಹನವೆಂದು ಭಾವಿಸಿ ವುಡಿಂಗ್ ಎಂಬ ವಿಜ್ಞಾನಿ 1957ರಲ್ಲೇ ಲೆಕ್ಕ ಪ್ರಕಟಿಸಿದ್ದರು. 1958ರಲ್ಲಿ ಅಲ್ಲಿ ವಿದ್ಯುತ್ ಸ್ಥಾವರ ಶುರುವಾಯಿತು. ಆಳದ ಬಿಸಿನೀರನ್ನು ಎಳೆದು, ಉಗಿ ಬಳಸಿ, ಉಳಿದ ನೀರನ್ನು ನದಿಗೆ ಬಿಟ್ಟರು. ಒಳಗಿನ ಒತ್ತಡ ಇಳಿಯಿತು. ಒಂದೊಂದಾಗಿ ಕಾರಂಜಿಗಳು ನಿಂತವು. ನೀರು ಖಾಲಿಯಾದ ಪದರಗಳು ಕುಗ್ಗಿ, ಒಂದು ಜಾಗದಲ್ಲಿ ನೆಲ 14 ಮೀಟರಿಗಿಂತ ಹೆಚ್ಚು ಕುಸಿಯಿತು. ನಾಲ್ಕು ಅಂತಸ್ತಿನ ಕಟ್ಟಡದಷ್ಟು! ವಿದ್ಯುತ್ ಬಂತು, ಇವತ್ತಿಗೂ ಬರುತ್ತಿದೆ. ಆದರೆ ಆ ಕಣಿವೆಯ ಕಾರಂಜಿಗಳು ಹೋದವು.

ಹತ್ತಿರದ ರೊಟೊರುವಾ ಊರಿನ ಕಥೆ ಬೇರೆ ತಿರುವು ಪಡೆಯಿತು. ಅಲ್ಲಿ ಮನೆಮನೆಗೂ, ಹೋಟೆಲ್‌ಗಳಿಗೂ ಬಿಸಿನೀರಿನ ಬೋರ್ ಕೊರೆದಿದ್ದರು. 1970, 80ರ ದಶಕಗಳ ಹೊತ್ತಿಗೆ ವಕಾರೇವಾರೇವಾದ ಬುಗ್ಗೆ, ಕಾರಂಜಿಗಳು ಬಡವಾಗತೊಡಗಿದವು. ಅಲ್ಲಿನ ಮಾವೊರಿ ಜನರಿಗೆ ಅವು ಪ್ರವಾಸಿ ತಾಣ ಮಾತ್ರವಲ್ಲ. ಅಡುಗೆ, ಸ್ನಾನ, ಬದುಕು ಎಲ್ಲ ಆ ನೀರಿನ ಜೊತೆಗೇ. 1986ರಲ್ಲಿ ಸರ್ಕಾರ ಪೊಹುಟು ಎಂಬ ದೊಡ್ಡ ಕಾರಂಜಿಯಿಂದ 1.5 ಕಿಲೋಮೀಟರ್ ಒಳಗಿನ ಬೋರ್‌ಗಳನ್ನು ಮುಚ್ಚಲು ಆದೇಶಿಸಿತು. ಜನ ವಿರೋಧಿಸಿದರು, ಮನೆಯ ಬಿಸಿನೀರು ಯಾರಿಗೆ ಬೇಡ? ಆದರೂ ಬೋರ್‌ಗಳು ಮುಚ್ಚಿದವು. ಒಳಗಿನ ನೀರಿನ ಮಟ್ಟ ಏರಿತು. ಬತ್ತಿದ್ದ ಕೆಲವು ಬುಗ್ಗೆಗಳು ಮತ್ತೆ ಹರಿದವು.

ಅಮೆರಿಕದ ಕ್ಯಾಲಿಫೋರ್ನಿಯಾದ ದಿ ಗೀಸರ್ಸ್ ಎಂಬ ದೊಡ್ಡ ಭೂಶಾಖ ಕ್ಷೇತ್ರದಲ್ಲೂ 1980ರ ದಶಕದ ಕೊನೆಗೆ ಉಗಿ ಕಡಿಮೆಯಾಯಿತು. ಶಾಖ ಇತ್ತು, ಕಲ್ಲು ಬಿಸಿಯಾಗಿಯೇ ಇತ್ತು, ಮುಗಿಯುತ್ತಿದ್ದದ್ದು ನೀರು. 1997ರಿಂದ ಅಕ್ಕಪಕ್ಕದ ಊರುಗಳ ಶುದ್ಧೀಕರಿಸಿದ ಚರಂಡಿ ನೀರನ್ನು ಪೈಪಿನಲ್ಲಿ ತಂದು ಕೆಳಗೆ ಬಿಡಲು ಶುರು ಮಾಡಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಈಗ ಹೊಸ ಸ್ಥಾವರಗಳಲ್ಲಿ ಬಳಸಿದ ನೀರನ್ನು ವಾಪಸ್ ಭೂಮಿಗೆ ಇಳಿಸುವುದು ವಾಡಿಕೆ. ಅದರಲ್ಲೂ ಜಾಣತನ ಬೇಕು. ತೀರಾ ಹತ್ತಿರದಲ್ಲಿ ಇಳಿಸಿದರೆ ಆ ತಣ್ಣೀರು ಬಿರುಕು ಹಿಡಿದು ನೇರ ಬಿಸಿ ಬಾವಿಗೇ ಬಂದುಬಿಡುತ್ತದೆ. ಎಲ್ಲಿ ಇಳಿಸಬೇಕು, ಎಷ್ಟು ದೂರ ಎಂದು ಹೇಳುವುದು ಡಾರ್ಸಿಯ ಮರಳಿನಿಂದ ಶುರುವಾದ ಅದೇ ಗಣಿತ.

ಕರೇಜ್ ಕಲಿಸುವ ಮಿತಿ

ನೆಲದೊಳಗಿನ ನೀರಿನ ನಡಿಗೆಯ ಬಗ್ಗೆ ನಮ್ಮ ಪರಂಪರೆಯಲ್ಲೂ ಗಂಭೀರವಾಗಿ ಯೋಚಿಸಿದವರಿದ್ದಾರೆ. ಬೀಜಗಣಿತಕ್ಕೆ ಹೆಸರಾದ ಅಲ್-ಕರಜಿ, ಹಿಜರಿ ಐದನೇ ಶತಮಾನದ ಆರಂಭದಲ್ಲಿ, ಅಂದರೆ ಕ್ರಿ.ಶ. 1017ರ ಸುಮಾರಿಗೆ, ಅಡಗಿದ ನೀರನ್ನು ಹೊರತೆಗೆಯುವ ಬಗ್ಗೆಯೇ ಒಂದು ಅರಬಿ ಗ್ರಂಥ ಬರೆದರು. ನೀರು ಎಲ್ಲಿರಬಹುದು, ಸುರಂಗ ಹೇಗೆ ತೋಡಬೇಕು, ಇಳಿಜಾರು ಹೇಗೆ ಅಳೆಯಬೇಕು ಎಂಬುದೆಲ್ಲ ಅದರಲ್ಲಿದೆ. ಪರ್ಷಿಯಾದ ಆ ಸುರಂಗ ವಿದ್ಯೆಯೇ ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿಗೂ ಬಂತು. ಹೈದರಾಬಾದಿನಿಂದ ಹೋಗುವವರು ನೌಬಾದಿನ ಕರೇಜ್ ಅನ್ನು, ಊರವರ ಬಾಯಲ್ಲಿ ಸುರಂಗ ಬಾವಿಯನ್ನು, ಇವತ್ತಿಗೂ ನೋಡಬಹುದು.

ಕರೇಜ್‌ನಲ್ಲೂ ಮೋಟರ್ ಇಲ್ಲ. ಸ್ವಲ್ಪವೇ ಇಳಿಜಾರಿರುವ ಸುರಂಗದಲ್ಲಿ ನೀರು ತನ್ನ ತೂಕದಿಂದ ತಾನೇ ಬರುತ್ತದೆ. ಬಿಸಿ ಬುಗ್ಗೆಯನ್ನು ನಡೆಸುವುದೂ ಅದೇ ತೂಕ. ಎರಡರಲ್ಲೂ ಒಂದು ಸಾಮ್ಯ ಇದೆ: ಕಲ್ಲು ಎಷ್ಟು ಬಿಡುತ್ತದೋ ಅಷ್ಟೇ ನೀರು. ಅದಕ್ಕಿಂತ ಹೆಚ್ಚು ಬೇಕೆಂದರೂ ಕರೇಜ್ ಕೊಡುವುದಿಲ್ಲ, ಮಿತಿ ಅದರ ರಚನೆಯಲ್ಲೇ ಇದೆ. ಬೋರ್‌ವೆಲ್‌ಗೆ ಆ ಮಿತಿ ಇಲ್ಲ, ಹಾಗಾಗಿ ಮಿತಿಯನ್ನು ನಾವೇ ಲೆಕ್ಕ ಹಾಕಿ ಹಾಕಿಕೊಳ್ಳಬೇಕು. ಹರಿಯುವ ನದಿಯ ದಡದಲ್ಲಿ ಕೂತು ವುಝೂ ಮಾಡುವಾಗಲೂ ನೀರು ಪೋಲು ಮಾಡಬಾರದು ಅಂತ ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ನದಿಗೇ ಆ ಮಾತು ಸಲ್ಲುವುದಾದರೆ, ನೂರಾರು ವರ್ಷ ನಡೆದು ಬಂದ ನೀರಿಗೆ ಎಷ್ಟು ಸಲ್ಲಬೇಕು!

ಭೂಶಾಖ ಬೇಡ ಅಂತ ಇದರ ಅರ್ಥವಲ್ಲ. ಕಲ್ಲಿದ್ದಲು, ಡೀಸೆಲ್ ಹೊಗೆಗಿಂತ ಅದು ಎಷ್ಟೋ ಮೇಲು. ಚಳಿಗಾಲದ ಲಡಾಖ್‌ನಂಥ ಕಡೆ ಅದರ ಅಗತ್ಯವೂ ಇದೆ. ಆದರೆ "ಎಂದೂ ಮುಗಿಯದ" ಎಂಬ ಮಾತನ್ನು ಬಿಡಿಸಿ ನೋಡಬೇಕು. ಭೂಮಿಯ ಒಟ್ಟು ಶಾಖ ನಮ್ಮ ಕಾಲಕ್ಕೆ ಮುಗಿಯುವಂಥದ್ದಲ್ಲ. ಅದನ್ನು ನಮಗೆ ತಲುಪಿಸುವ ನೀರಿನ ಸುತ್ತು ಮಾತ್ರ ಕಡಿಯಬಲ್ಲದು. ಪೂಗಾ ಇರಲಿ, ಕೊಂಕಣ ಇರಲಿ, ಯೋಜನೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ತೆಗೆಯುತ್ತೀರಿ? ಎಷ್ಟನ್ನು, ಎಲ್ಲಿ ವಾಪಸ್ ಇಳಿಸುತ್ತೀರಿ? ಬುಗ್ಗೆಯ ಮಟ್ಟವನ್ನು ಯಾರು ಅಳೆದು ಜನರಿಗೆ ಹೇಳುತ್ತಾರೆ? ಇವನ್ನು ಕೇಳಲು ವಿಜ್ಞಾನಿಯೇ ಆಗಬೇಕಿಲ್ಲ. ಕಲ್ಲಿನೊಳಗಿನ ನೀರು ನಿಧಾನ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಸಾಕು.